ನರ್ಸಿಂಗ್ ಪರೀಕ್ಷೆಯ ಅಭ್ಯಾಸ: ಕ್ವೆಶ್ಚನ್ ಬ್ಯಾಂಕೋ, ಕೋಚಿಂಗೋ, ವಾರ್ಡೋ?

ಥಿಯರಿಯಲ್ಲಿ ಒಳ್ಳೆಯ ಅಂಕ ತೆಗೆಯುವ ನರ್ಸಿಂಗ್ ವಿದ್ಯಾರ್ಥಿಗಳೂ ಒಂದು ಬಗೆಯ ಪ್ರಶ್ನೆಯ ಮುಂದೆ ತಡವರಿಸುತ್ತಾರೆ. ನ್ಯುಮೋನಿಯಾದ ಲಕ್ಷಣ ಬರೆಯಿರಿ ಎಂದರೆ ಒಂದೇ ಉಸಿರಿಗೆ ಎಂಟು ಬರೆದುಬಿಡುತ್ತಾರೆ. ನಾಲ್ವರು ರೋಗಿಗಳ ವಿವರ ಕೊಟ್ಟು ‘ಯಾರ ಬಳಿಗೆ ಮೊದಲು ಹೋಗುವಿರಿ’ ಎಂದು ಕೇಳಿದರೆ ಕೈ ನಿಲ್ಲುತ್ತದೆ. ಓದಿದ್ದು ಸಾಲಲಿಲ್ಲ ಎಂದುಕೊಂಡು ಅದೇ ಪುಸ್ತಕವನ್ನು ಮತ್ತೆ ಓದಲು ಕೂರುತ್ತಾರೆ. ಅದರಿಂದ ಪುಸ್ತಕದ ನೆನಪು ಗಟ್ಟಿಯಾಗುತ್ತದೆಯೇ ಹೊರತು ನಿರ್ಧಾರ ಮಾಡುವ ಅಭ್ಯಾಸವಾಗುವುದಿಲ್ಲ.

ಆ ಅಭ್ಯಾಸಕ್ಕೆ ಈಗ ದಾರಿಗಳೇನೋ ಬೇಕಾದಷ್ಟಿವೆ. ಹಣ ಕೊಟ್ಟು ಕೊಳ್ಳುವ ಕ್ವೆಶ್ಚನ್ ಬ್ಯಾಂಕ್, ಕೋಚಿಂಗ್, ಟೆಲಿಗ್ರಾಂ ಗುಂಪು, ಯೂಟ್ಯೂಬ್, ಕಾಲೇಜಿನ ಸ್ಕಿಲ್ ಲ್ಯಾಬ್, ಹಾಸ್ಟೆಲ್ ಕೋಣೆಯಲ್ಲಿ ಗೆಳತಿಯರ ಜೊತೆ ತಾಲೀಮು, ದಿನವೂ ಹೋಗುವ ವಾರ್ಡ್. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಸುಮ್ಮನೆ ಕೇಳಿದರೆ ಉತ್ತರವಿಲ್ಲ. ಯಾವ ಪರೀಕ್ಷೆ, ನೀವು ಎಡವುವುದು ಎಲ್ಲಿ, ಕೈಯಲ್ಲಿ ಎಷ್ಟು ಹಣ, ಎಷ್ಟು ಹೊತ್ತು ಎಂದು ಸೇರಿಸಿ ಕೇಳಿದರೆ ಇದೆ.

ಮೊದಲು ಪರೀಕ್ಷೆ ಯಾವುದೆಂದು ನೋಡಿಕೊಳ್ಳಿ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪ್ರಾಯೋಗಿಕ ಪರೀಕ್ಷೆಯಲ್ಲಿ ಮುಂದೆ ರೋಗಿ, ಪಕ್ಕದಲ್ಲಿ ಪರೀಕ್ಷಕರು, ಆಮೇಲೆ ವೈವಾ. ಭಾರತೀಯ ಶುಶ್ರೂಷಾ ಪರಿಷತ್ತಿನ ಸೆಮಿಸ್ಟರ್ ಪಠ್ಯಕ್ರಮ ಬಂದ ಮೇಲೆ ಓಸ್ಕಿಯೂ, ಅಂದರೆ ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿಸಿ ಚೆಕ್‌ಲಿಸ್ಟ್ ಹಿಡಿದು ಅಂಕ ಕೊಡುವ ಪರೀಕ್ಷೆಯೂ, ಸೇರಿಕೊಂಡಿದೆ. ನರ್ಸಿಂಗ್ ಅಧಿಕಾರಿಗಳ ನೇಮಕಾತಿಗೆ ಏಮ್ಸ್ ನಡೆಸುವ ನಾರ್ಸೆಟ್ ಕಂಪ್ಯೂಟರ್ ಮುಂದೆ ಕೂತು ಬರೆಯುವ ಬಹು ಆಯ್ಕೆಯ ಪರೀಕ್ಷೆ. ಪ್ರಿಲಿಮ್ಸ್, ಮೇನ್ಸ್ ಎಂದು ಎರಡು ಹಂತ, ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತ. ಜಿಎನ್‌ಎಂ ಡಿಪ್ಲೊಮಾ ಆದವರು ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವಿದ್ದರೆ ಇದನ್ನು ಬರೆಯಬಹುದು. ಕೊಲ್ಲಿ ದೇಶಗಳಿಗೆ ಹೋಗುವವರ ಪ್ರೋಮೆಟ್ರಿಕ್ ಪರೀಕ್ಷೆಯೂ ಬಹು ಆಯ್ಕೆಯದೇ.

ಅಮೆರಿಕದಲ್ಲಿ ನರ್ಸ್ ಪರವಾನಗಿಗೆ ಬರೆಯುವ ಎನ್‌ಕ್ಲೆಕ್ಸ್-ಆರ್‌ಎನ್ 2023ರ ಏಪ್ರಿಲ್‌ನಿಂದ ಹೊಸ ರೂಪಕ್ಕೆ ಬಂದಿದೆ. ಐದು ಗಂಟೆಯ ಅವಧಿ, ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಅವುಗಳಲ್ಲಿ ಅಂಕಕ್ಕೆ ಸೇರುವ ಮೂರು ಕೇಸ್ ಸ್ಟಡಿ ಎಲ್ಲರಿಗೂ ಬರುತ್ತವೆ; ಒಂದೊಂದರಲ್ಲೂ ಒಬ್ಬನೇ ರೋಗಿಯ ಸುತ್ತ ಆರು ಪ್ರಶ್ನೆ. ಬ್ರಿಟನ್ನಿಗೆ ಹೋಗುವವರು ಕಂಪ್ಯೂಟರ್ ಪರೀಕ್ಷೆ ಮುಗಿಸಿದ ಮೇಲೆ ಅಲ್ಲಿನ ಕೇಂದ್ರವೊಂದರಲ್ಲಿ ಹತ್ತು ಸ್ಟೇಷನ್‌ಗಳ ಓಸ್ಕಿ ಎದುರಿಸಬೇಕು.

ಅಂದರೆ ಕೆಲವು ಪರೀಕ್ಷೆಗಳು ಪರದೆಯ ಮೇಲೆ ನಿಮ್ಮ ಯೋಚನೆಯನ್ನು ಅಳೆಯುತ್ತವೆ, ಕೆಲವು ನೀವು ರೋಗಿಯನ್ನು ಮುಟ್ಟುವ, ಮಾತನಾಡಿಸುವ ರೀತಿಯನ್ನು. ಒಂದಕ್ಕೆ ತಯಾರಾಗಿ ಇನ್ನೊಂದಕ್ಕೆ ಹೋಗುವವರೇ ಹೆಚ್ಚು ಪೆಟ್ಟು ತಿನ್ನುವುದು.

ಅಳೆಯುವುದು ಯಾವುದರಿಂದ

ದಾರಿ ಯಾವುದೇ ಆಗಲಿ, ಅದಕ್ಕೆ ಕೆಲವು ಪ್ರಶ್ನೆ ಹಾಕಿ. ರೋಗಿಯ ಸ್ಥಿತಿಯ ಸುಳಿವುಗಳನ್ನು ನೀವೇ ಹುಡುಕಬೇಕಾಗುತ್ತದೆಯೇ, ಯಾರೋ ಹುಡುಕಿ ಮುಂದಿಡುತ್ತಾರೆಯೇ? ತಪ್ಪಿದಾಗ ಏಕೆ ತಪ್ಪಿತೆಂದು ಹೇಳುವವರಿದ್ದಾರೆಯೇ? ಗಡಿಯಾರವನ್ನೂ ಸೇರಿಸಿ, ಅದು ನಿಮ್ಮ ಪರೀಕ್ಷೆಯ ರೂಪಕ್ಕೆ ಎಷ್ಟು ಹತ್ತಿರ? ಕೊನೆಗೆ ಖರ್ಚು. ಹಣದ ಲೆಕ್ಕ ಎಲ್ಲರೂ ಹಾಕುತ್ತಾರೆ. ಎಂಟು ಗಂಟೆ ಡ್ಯೂಟಿ ಮುಗಿಸಿ ಬಂದ ಮೇಲೆ ತಲೆ ಎಷ್ಟು ಹೊತ್ತು ಕೆಲಸ ಮಾಡುತ್ತದೆ ಎಂಬ ಲೆಕ್ಕ ಹಾಕುವವರು ಕಡಿಮೆ.

ಇಷ್ಟು ಹೇಳಿದರೆ ಗಾಳಿಯಲ್ಲಿ ಮಾತಾಡಿದಂತೆ. ಮಳೆಗಾಲದಲ್ಲಿ ನಮ್ಮ ಯಾವ ಜಿಲ್ಲಾಸ್ಪತ್ರೆಯಲ್ಲಾದರೂ ಸಿಗಬಹುದಾದ ಒಬ್ಬ ರೋಗಿಯನ್ನು ಎದುರಿಗಿಟ್ಟುಕೊಳ್ಳೋಣ.

ಇಪ್ಪತ್ತನಾಲ್ಕು ವರ್ಷದ ಯುವಕ. ಡೆಂಗಿ, ಜ್ವರದ ಐದನೇ ದಿನ. ನಿನ್ನೆ 103 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದು ಇಂದು 98.8. ‘ಜ್ವರ ಬಿಟ್ಟಿತಲ್ಲ ಸಿಸ್ಟರ್, ಮನೆಗೆ ಯಾವಾಗ ಕಳಿಸುತ್ತೀರಿ’ ಎಂದು ತಾಯಿ ಕೇಳುತ್ತಿದ್ದಾರೆ. ನಾಡಿ 118, ಬಿಪಿ 96/78, ಉಸಿರು ನಿಮಿಷಕ್ಕೆ 22, ಆಮ್ಲಜನಕದ ಮಟ್ಟ ಶೇಕಡಾ 97. ಬೆಳಗಿನಿಂದ ಮೂರು ಸಲ ವಾಂತಿ, ಹೊಟ್ಟೆನೋವು, ಕೈಕಾಲು ತಣ್ಣಗೆ. ಎಚ್ಚರವಾಗಿದ್ದಾನೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾನೆ. ಪ್ಲೇಟ್‌ಲೆಟ್ 62,000. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಮೊನ್ನೆ 38 ಇದ್ದದ್ದು ಇಂದು 46.

ಮನೆಯವರು ನೋಡುವುದು ಜ್ವರ ಮತ್ತು ಪ್ಲೇಟ್‌ಲೆಟ್. ಎಷ್ಟೋ ವಿದ್ಯಾರ್ಥಿಗಳು ನೋಡುವುದೂ ಅಷ್ಟನ್ನೇ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದು ಜ್ವರ ಇಳಿಯುವಾಗ; ರಕ್ತನಾಳಗಳಿಂದ ಪ್ಲಾಸ್ಮಾ ಸೋರುವುದು ಆಗಲೇ. ಇಲ್ಲಿ ಬಿಪಿಯ ಮೇಲಿನ, ಕೆಳಗಿನ ಅಂಕಿಗಳ ಅಂತರ ಬರೀ 18. ಅದು 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಆಘಾತದ (ಶಾಕ್) ಸೂಚನೆ. ಹಿಮಟೋಕ್ರಿಟ್ ಐದನೇ ಒಂದು ಪಾಲಿಗಿಂತ ಹೆಚ್ಚು ಏರಿದೆ. ಹೊಟ್ಟೆನೋವು, ಬಿಡದ ವಾಂತಿ ಎರಡೂ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪಟ್ಟಿ ಮಾಡಿದ ಎಚ್ಚರಿಕೆಯ ಲಕ್ಷಣಗಳು. ಹಾಗಾಗಿ ಮೊದಲ ಊಹೆ ಪ್ಲಾಸ್ಮಾ ಸೋರಿಕೆ ಮತ್ತು ಆಘಾತ. ರಕ್ತಸ್ರಾವವನ್ನು ಮರೆಯುವಂತಿಲ್ಲ, ಆದರೆ ಅದು ಎರಡನೆಯದು. ವೈದ್ಯರನ್ನು ಕೂಡಲೇ ಕರೆಯಬೇಕು, ಐವಿ ದಾರಿ ಸರಿಯಿದೆಯೇ ನೋಡಬೇಕು, ಆದೇಶದಂತೆ ದ್ರವ ಕೊಡಬೇಕು, ಗಂಟೆಗಂಟೆಯ ಮೂತ್ರ ಅಳೆಯಬೇಕು. ದ್ರವ ಹೋದ ಮೇಲೆ ನಾಡಿ ಇಳಿಯಿತೇ, ಬಿಪಿಯ ಅಂತರ ಅಗಲವಾಯಿತೇ, ಕೈ ಬೆಚ್ಚಗಾಯಿತೇ ಎಂದು ಮತ್ತೆ ನೋಡಬೇಕು.

ಎನ್‌ಕ್ಲೆಕ್ಸ್ ನಡೆಸುವ ಎನ್‌ಸಿಎಸ್‌ಬಿಎನ್ ಈ ಯೋಚನೆಯನ್ನೇ ಆರು ಹೆಜ್ಜೆಗಳಾಗಿ ಬಿಡಿಸಿದೆ: ಸುಳಿವು ಗುರುತಿಸುವುದು, ಅವುಗಳ ಅರ್ಥ ಕೂಡಿಸುವುದು, ಯಾವ ಊಹೆಗೆ ಮೊದಲ ಸ್ಥಾನ ಎಂದು ತೀರ್ಮಾನಿಸುವುದು, ಮಾಡಬಹುದಾದ್ದನ್ನು ಯೋಚಿಸುವುದು, ಮಾಡುವುದು, ಮಾಡಿದ್ದರ ಫಲ ನೋಡುವುದು. ಅಮೆರಿಕಕ್ಕೆ ಹೋಗದವರಿಗೂ ಈ ಆರು ಉಪಯುಕ್ತ, ಏಕೆಂದರೆ ನೀವು ಎಲ್ಲಿ ಎಡವುತ್ತೀರಿ ಎಂದು ಹೇಳಿಕೊಳ್ಳಲು ಇದರಿಂದ ಒಂದು ಭಾಷೆ ಸಿಗುತ್ತದೆ. 96/78 ಕಣ್ಣಿಗೇ ಬೀಳದಿದ್ದರೆ ಅದು ಒಂದು ಬಗೆಯ ದೌರ್ಬಲ್ಯ. ಕಂಡರೂ ಪ್ಲೇಟ್‌ಲೆಟ್ ಹಿಂದೆ ಹೋದರೆ ಇನ್ನೊಂದು ಬಗೆಯದು. ಎರಡಕ್ಕೂ ಮದ್ದು ಬೇರೆ.

ಕ್ವೆಶ್ಚನ್ ಬ್ಯಾಂಕ್

ಪರದೆಯ ಮೇಲಿನ ಪರೀಕ್ಷೆಗಳಿಗೆ ಇದಕ್ಕಿಂತ ಹತ್ತಿರದ ಅಭ್ಯಾಸ ಇಲ್ಲ. ಆದರೆ ಒಂದು ಕ್ವೆಶ್ಚನ್ ಬ್ಯಾಂಕಿನ ಬೆಲೆ ಇರುವುದು ಪ್ರಶ್ನೆಗಳ ಸಂಖ್ಯೆಯಲ್ಲಲ್ಲ, ವಿವರಣೆಯಲ್ಲಿ. ಸರಿಯುತ್ತರ ಏಕೆ ಸರಿ ಎನ್ನುವುದರ ಜೊತೆಗೆ ಉಳಿದ ಮೂರು ಏಕೆ ತಪ್ಪು, ಅಥವಾ ಏಕೆ ‘ಈಗಲ್ಲ’ ಎಂದು ಹೇಳದಿದ್ದರೆ ಆ ಹಣ ದಂಡ.

ಉದಾಹರಣೆಗೆ ಹೆರಿಗೆಯಾಗಿ ಒಂದು ಗಂಟೆಯಾದ ತಾಯಿಗೆ ರಕ್ತಸ್ರಾವ ಹೆಚ್ಚಿದೆ, ಮೊದಲು ಏನು ಮಾಡುವಿರಿ ಎಂಬ ಪ್ರಶ್ನೆ. ಗರ್ಭಾಶಯ ಮಸಾಜ್ ಮಾಡುವುದು, ಮೂತ್ರಕೋಶ ಖಾಲಿ ಮಾಡಿಸುವುದು, ವೈದ್ಯರನ್ನು ಕರೆಯುವುದು, ಬಿಪಿ ನೋಡುವುದು. ನಾಲ್ಕೂ ಮಾಡಬೇಕಾದವೇ. ತೀರ್ಪು ನಿಂತಿರುವುದು ಪ್ರಶ್ನೆಯೊಳಗಿನ ಒಂದು ಮಾತಿನ ಮೇಲೆ. ಗರ್ಭಾಶಯ ಮೆತ್ತಗಿದೆ ಎಂದಿದ್ದರೆ ಮೊದಲು ಮಸಾಜ್. ಗಟ್ಟಿಯಾಗಿದ್ದು ಹೊಕ್ಕುಳಿಗಿಂತ ಮೇಲೇರಿ ಬಲಕ್ಕೆ ವಾಲಿದೆ ಎಂದಿದ್ದರೆ ತುಂಬಿದ ಮೂತ್ರಕೋಶದ ಕಡೆ ಗಮನ. ಗಟ್ಟಿಯಾಗಿ ನಡುವಿನಲ್ಲೇ ಇದ್ದೂ ತಾಜಾ ರಕ್ತ ಸುರಿಯುತ್ತಿದ್ದರೆ ಹರಿದ ಗಾಯವನ್ನು ಶಂಕಿಸಬೇಕು. ಒಳ್ಳೆಯ ವಿವರಣೆ ಈ ಮೂರನ್ನೂ ಬಿಡಿಸಿಡುತ್ತದೆ. ಕಳಪೆಯದು ‘ಉತ್ತರ ಎ’ ಎಂದು ಮುಗಿಸುತ್ತದೆ.

ಅಂಕ ಕೊಡುವ ಕ್ರಮವನ್ನೂ ಹೊಂದಿಸಿ ನೋಡಬೇಕು. ಎನ್‌ಕ್ಲೆಕ್ಸ್‌ನಲ್ಲಿ ಸರಿಯಾದವನ್ನೆಲ್ಲ ಆರಿಸಿ ಎಂಬ ಪ್ರಶ್ನೆಗೆ ಸರಿಗೆ ಒಂದು ಅಂಕ ಕೂಡುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ, ಆದರೆ ಆ ಪ್ರಶ್ನೆಯ ಮೊತ್ತ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಅಲ್ಲಿ ಪ್ರಶ್ನೆ ಬಿಟ್ಟು ಮುಂದೆ ಹೋಗುವಂತಿಲ್ಲ, ಹಿಂದಕ್ಕೆ ಬರುವಂತೆಯೂ ಇಲ್ಲ. ನಾರ್ಸೆಟ್‌ನಲ್ಲಿ ಗೊತ್ತಿಲ್ಲದ್ದನ್ನು ಬಿಡುವುದೂ ಒಂದು ಕಲೆ. ಹಾಗಾಗಿ ಅಮೆರಿಕದ ಬ್ಯಾಂಕ್ ಕೊಂಡು ನಾರ್ಸೆಟ್‌ಗೆ ಓದುವವರಿಗೆ ಯೋಚನೆ ಹರಿತವಾಗುತ್ತದೆ ನಿಜ, ಆದರೆ ನಮ್ಮ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳು, ಲಸಿಕೆ ವೇಳಾಪಟ್ಟಿ, ಸಾಮಾನ್ಯ ಜ್ಞಾನ ಅದರಲ್ಲಿ ಇರುವುದಿಲ್ಲ.

ದೊಡ್ಡ ಕೊರತೆಯೊಂದಿದೆ. ಇಲ್ಲಿ ಸುಳಿವುಗಳನ್ನು ಯಾರೋ ಆಗಲೇ ಆರಿಸಿ ಬರೆದಿರುತ್ತಾರೆ. ಕೈ ತಣ್ಣಗಿದೆ ಎಂದು ಓದುವುದು ಬೇರೆ, ಕೈ ಹಿಡಿದು ತಿಳಿಯುವುದು ಬೇರೆ. ಒಂದಷ್ಟು ಪ್ರಶ್ನೆಗಳಾದ ಮೇಲೆ ಪ್ರಶ್ನೆ ಬರೆಯುವವರ ಚಾಳಿ ಅರ್ಥವಾಗಿ, ರೋಗಿಯನ್ನು ಬಿಟ್ಟು ವಾಕ್ಯವನ್ನು ಓದಿ ಉತ್ತರಿಸುವ ಚಾಲಾಕಿಯೂ ಬೆಳೆಯುತ್ತದೆ. ಅಂಕ ಏರುತ್ತಿದ್ದರೂ ವಿವರಣೆಯನ್ನು ನಿಮ್ಮ ಮಾತಿನಲ್ಲಿ ಹೇಳಲಾಗದಿದ್ದರೆ ಅದೇ ಆಗಿದೆ ಎಂದು ತಿಳಿಯಿರಿ.

ಹಣ ಕಟ್ಟುವ ಮುನ್ನ ಎನ್‌ಸಿಎಸ್‌ಬಿಎನ್‌ನ ಉಚಿತ ಮಾದರಿ ಪ್ರಶ್ನೆಗಳನ್ನು ಮಾಡಿ ನೋಡಿ. ಹೊಸ ರೂಪದ ಕೋಷ್ಟಕ, ಎಳೆದು ಕೂರಿಸುವ ಪ್ರಶ್ನೆ, ನಡುವೆ ರೋಗ ಇಟ್ಟು ಎರಡೂ ಬದಿಗೆ ಕ್ರಮ ಮತ್ತು ನಿಗಾ ತುಂಬುವ ಪ್ರಶ್ನೆ ಹೇಗಿರುತ್ತವೆ ಎಂದು ಅಲ್ಲಿ ತಿಳಿಯುತ್ತದೆ. 2023ಕ್ಕಿಂತ ಹಿಂದಿನ ಸೆಕೆಂಡ್ ಹ್ಯಾಂಡ್ ಪುಸ್ತಕ ಅಗ್ಗಕ್ಕೆ ಸಿಕ್ಕರೆ ವಿಷಯಕ್ಕೆ ಓದಬಹುದು, ರೂಪಕ್ಕೆ ನಂಬಬಾರದು.

ಟೆಲಿಗ್ರಾಂ, ಯೂಟ್ಯೂಬ್, ಚಾಟ್‌ಬಾಟ್

ಪುಕ್ಕಟೆ, ಬಸ್ಸಿನಲ್ಲಿ ಕೂತೂ ನೋಡಬಹುದು. ನಾರ್ಸೆಟ್ ಪ್ರಿಲಿಮ್ಸ್‌ಗೆ ನೆನಪು ತಾಜಾ ಮಾಡಿಕೊಳ್ಳಲು ಸಾಕು. ಟೆಲಿಗ್ರಾಂನಲ್ಲಿ ಓಡಾಡುವ ಪ್ರಶ್ನೆಗಳ ಉತ್ತರ ತಪ್ಪಿರುವುದು ಅಪರೂಪವೇನಲ್ಲ, ಅದಕ್ಕೆ ಹೊಣೆಗಾರರೂ ಯಾರಿಲ್ಲ. ಚಾಟ್‌ಬಾಟ್‌ಗೆ ‘ನೀನು ಎದೆನೋವಿನ ರೋಗಿ, ನಾನು ಕೇಳಿದ್ದಕ್ಕಷ್ಟೇ ಉತ್ತರಿಸು’ ಎಂದು ಹೇಳಿ ಮಾತನಾಡಿಸಿದರೆ ಹಿಸ್ಟರಿ ತೆಗೆಯುವ ಅಭ್ಯಾಸ ಚೆನ್ನಾಗಿ ಆಗುತ್ತದೆ. ಒಬ್ಬರೇ ಓದುವವರಿಗೆ ಇದು ನಿಜವಾದ ಲಾಭ. ಔಷಧದ ಪ್ರಮಾಣ, ಲ್ಯಾಬ್ ಮೌಲ್ಯಗಳನ್ನು ಮಾತ್ರ ಪುಸ್ತಕ ತೆರೆದು ನೋಡದೆ ಅದರ ಬಾಯಿಂದ ಒಪ್ಪಿಕೊಳ್ಳಬೇಡಿ. ತಪ್ಪನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುತ್ತದೆ.

ಕೋಚಿಂಗ್

ಕೋಚಿಂಗ್‌ನಲ್ಲಿ ಸಿಗುವುದು ಶಿಸ್ತು, ಜೊತೆಗಾರರು, ವೇಳಾಪಟ್ಟಿ. ತಾನಾಗಿ ಓದಲು ಕೂರಲಾಗದವರಿಗೆ ಅದೇ ದೊಡ್ಡದು. ವಿದೇಶಿ ಪರೀಕ್ಷೆಗಳಿಗೆ ಕಾಗದಪತ್ರದ ಕೆಲಸವೂ ತಲೆನೋವಾದ್ದರಿಂದ ಎರಡನ್ನೂ ಒಂದೇ ಕಡೆ ಮಾಡಿಸುವವರಿದ್ದಾರೆ. ನನ್ನ ತಕರಾರು ಇರುವುದು ಪಾಠದ ರೀತಿಯ ಮೇಲೆ. ದೊಡ್ಡ ಬ್ಯಾಚ್‌ನಲ್ಲಿ ಕೇಸ್ ಓದಿದ ಮೇಷ್ಟ್ರೇ ಉತ್ತರವನ್ನೂ ಹೇಳಿ, ವಿದ್ಯಾರ್ಥಿಗಳು ಬರೆದುಕೊಂಡರೆ ನಿರ್ಧಾರ ಮಾಡುವ ಅಭ್ಯಾಸ ಆದದ್ದು ಮೇಷ್ಟ್ರಿಗೆ.

ಸೇರುವ ಮುನ್ನ ಒಂದು ಡೆಮೊ ತರಗತಿಯಲ್ಲಿ ಕೂತು, ಕೇಸ್ ಕೊಟ್ಟ ಮೇಲೆ ಎಷ್ಟು ಹೊತ್ತು ಮೌನವಿರುತ್ತದೆ ಎಂದು ಗಮನಿಸಿ. ತಪ್ಪು ಹೇಳಿದವರನ್ನು ‘ಏಕೆ ಹಾಗನ್ನಿಸಿತು’ ಎಂದು ಕೇಳುತ್ತಾರೆಯೇ, ಮುಂದಿನ ಬೆಂಚಿನವರ ಸರಿಯುತ್ತರ ಹಿಡಿದು ಓಡುತ್ತಾರೆಯೇ? ಗೋಡೆಯ ಮೇಲಿನ ಪಾಸಾದವರ ಫೋಟೋಗಳಿಗಿಂತ ಇದು ಹೆಚ್ಚು ಹೇಳುತ್ತದೆ.

ವಾರ್ಡ್

ಹಣದ ಖರ್ಚಿಲ್ಲ, ಹೊತ್ತೂ ಬೇರೆ ಬೇಡ, ಸುಳಿವು ಹುಡುಕುವ ಕೆಲಸ ಪೂರ್ತಿ ನಿಮ್ಮದೇ. ಮೊದಲ ಅಳತೆಯಲ್ಲಿ ವಾರ್ಡನ್ನು ಮೀರಿಸುವ ದಾರಿ ಇಲ್ಲ. ಆದರೆ ವಾರ್ಡ್ ತಾನಾಗಿ ಏನನ್ನೂ ಕಲಿಸುವುದಿಲ್ಲ. ಅಲ್ಲಿ ಬೆಳೆಯುವ ರೂಢಿಗಳು ಕೆಲವೊಮ್ಮೆ ಪರೀಕ್ಷೆಗೇ ಮುಳುವು. ಉಸಿರಾಟ ಎಣಿಸದೆ ಚಾರ್ಟಿನಲ್ಲಿ ಎಲ್ಲರಿಗೂ 20 ಬರೆಯುವ ಅಭ್ಯಾಸವನ್ನು ನೋಡದ ನರ್ಸ್ ಇದ್ದಾರೆಯೇ? ರೋಗಿ ಹದಗೆಡುವುದನ್ನು ಮೊದಲು ಹೇಳುವ ಲಕ್ಷಣಗಳಲ್ಲಿ ಅದೂ ಒಂದು, ನಾವು ಮೊದಲು ಕೈಬಿಡುವುದೂ ಅದನ್ನೇ. ಓಸ್ಕಿಯಲ್ಲಿ ಪೂರ್ತಿ ಒಂದು ನಿಮಿಷ ಎಣಿಸಬೇಕು.

ವಾರ್ಡನ್ನು ಅಭ್ಯಾಸಶಾಲೆ ಮಾಡಿಕೊಳ್ಳಲು ಒಂದು ಉಪಾಯವಿದೆ. ಪಾಳಿಗೊಬ್ಬ ರೋಗಿಯನ್ನು ಆರಿಸಿಕೊಳ್ಳಿ. ಕೇಸ್ ಶೀಟ್ ತೆರೆಯುವ ಮೊದಲು ಮಾತನಾಡಿಸಿ, ಮುಟ್ಟಿ ನೋಡಿ, ವೈಟಲ್ಸ್ ತೆಗೆದುಕೊಳ್ಳಿ. ನಿಮಗೆ ಕಂಡ ಮೂರು ಸುಳಿವು, ಒಂದು ಊಹೆ, ಮುಂದಿನ ನಾಲ್ಕು ಗಂಟೆಯಲ್ಲಿ ಏನಾಗಬಹುದು ಎಂಬುದನ್ನು ಚೀಟಿಯಲ್ಲಿ ಬರೆದಿಡಿ. ಹೆಸರು, ಐಪಿ ನಂಬರ್ ಬೇಡ. ಆಮೇಲೆ ಕೇಸ್ ಶೀಟ್ ನೋಡಿ. ಪಾಳಿ ಮುಗಿಯುವಾಗ ಚೀಟಿ ತೆಗೆದು ಹೋಲಿಸಿ. ಆರನೆಯ ಹೆಜ್ಜೆ, ಅಂದರೆ ಮಾಡಿದ್ದರ ಫಲ ನೋಡುವುದು, ಕಣ್ಣೆದುರು ನಡೆಯುವುದು ವಾರ್ಡಿನಲ್ಲಿ ಮಾತ್ರ. ಏಕೆ ತಪ್ಪಿತೆಂದು ಹೇಳುವವರು ಬೇಕಾದರೆ ತಾಳ್ಮೆಯ ಹಿರಿಯ ಸಿಸ್ಟರ್ ಒಬ್ಬರನ್ನು ಹಿಡಿಯಿರಿ. ಹ್ಯಾಂಡ್‌ಓವರ್ ಗಡಿಬಿಡಿಯಲ್ಲಿ ಬೇಡ, ಚಹಾದ ಹೊತ್ತಿಗೆ.

ಗೆಳತಿಯರ ಜೊತೆ ಓಸ್ಕಿ ತಾಲೀಮು

ಓಸ್ಕಿ ಎಂಬ ಪದ್ಧತಿ 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರಿಂದ ಬಂದದ್ದು. ಎಲ್ಲರಿಗೂ ಒಂದೇ ರೋಗಿ, ಒಂದೇ ಚೆಕ್‌ಲಿಸ್ಟ್. ಹಾಗಿರುವುದರಿಂದಲೇ ಅದನ್ನು ಮನೆಯಲ್ಲೂ ಮಾಡಬಹುದು. ಮೂವರು ಬೇಕು: ಒಬ್ಬರು ರೋಗಿ, ಒಬ್ಬರು ನರ್ಸ್, ಒಬ್ಬರು ಗಡಿಯಾರ ಮತ್ತು ಚೆಕ್‌ಲಿಸ್ಟ್ ಹಿಡಿದ ಪರೀಕ್ಷಕಿ. ರೋಗಿಯಾದವರು ಕೇಳದೆ ಏನನ್ನೂ ಹೇಳಬಾರದು. ಅಲರ್ಜಿ ಇದೆಯೇ ಎಂದು ಕೇಳುವುದನ್ನು ಮರೆತರೆ ಪೆನಿಸಿಲಿನ್ ಅಲರ್ಜಿ ಕೊನೆಯವರೆಗೂ ಮುಚ್ಚಿಯೇ ಇರಲಿ.

ಬಿಎಸ್ಸಿ ಪ್ರಾಯೋಗಿಕಕ್ಕೂ ಬ್ರಿಟನ್ನಿನ ಪರೀಕ್ಷೆಗೂ ಇದಕ್ಕಿಂತ ಅಗ್ಗದ, ಹತ್ತಿರದ ಅಭ್ಯಾಸ ಇಲ್ಲ. ತಾನು ಮಾಡುವಾಗ ಕಾಣದ ಲೋಪ ಚೆಕ್‌ಲಿಸ್ಟ್ ಹಿಡಿದಾಗ ಕಾಣುತ್ತದೆ: ಕೈ ತೊಳೆಯಲಿಲ್ಲ, ಹೆಸರು ಮತ್ತು ಜನ್ಮದಿನಾಂಕ ಕೇಳಿ ಗುರುತು ಖಚಿತ ಮಾಡಿಕೊಳ್ಳಲಿಲ್ಲ, ಹೊಟ್ಟೆಯ ಪರೀಕ್ಷೆಯಲ್ಲಿ ಸ್ಟೆತಸ್ಕೋಪ್ ಇಡುವ ಮೊದಲೇ ಒತ್ತಿ ನೋಡಿದರು. ಬೇರೆ ಅಂಗಗಳಿಗೆ ನೋಡು, ಮುಟ್ಟು, ತಟ್ಟು, ಆಲಿಸು ಎಂಬ ಕ್ರಮ. ಹೊಟ್ಟೆಗೆ ಮಾತ್ರ ನೋಡಿದ ಮೇಲೆ ಆಲಿಸುವುದು, ಒತ್ತುವುದು ಕೊನೆಗೆ. ಇದನ್ನು ಬಲ್ಲವರು ನೂರು ಮಂದಿ, ಗಡಿಯಾರ ಓಡುವಾಗ ಮಾಡುವವರು ಕೆಲವರು.

ಬ್ರಿಟನ್ನಿಗೆ ಹೋಗುವವರು ರೋಗಿ ಹದಗೆಡುವುದನ್ನು ಅಂಕ ಹಾಕಿ ಎಚ್ಚರಿಸುವ ನ್ಯೂಸ್-2 ಚಾರ್ಟನ್ನು ಇಲ್ಲೇ ಕೈಗೆ ರೂಢಿಸಿಕೊಳ್ಳಬೇಕು. ನಮ್ಮ ಡೆಂಗಿ ರೋಗಿಗೆ ಹಾಕಿ ನೋಡಿ: ಉಸಿರು 22ಕ್ಕೆ 2, ಆಮ್ಲಜನಕ 97ಕ್ಕೆ 0, ಹೊರಗಿನ ಆಮ್ಲಜನಕ ಇಲ್ಲದ್ದರಿಂದ 0, ಮೇಲಿನ ಬಿಪಿ 96ಕ್ಕೆ 2, ನಾಡಿ 118ಕ್ಕೆ 2, ಎಚ್ಚರವಿರುವುದರಿಂದ 0, ಉಷ್ಣತೆಗೆ 0. ಒಟ್ಟು 6. ಐದು ಮುಟ್ಟಿದರೆ ತುರ್ತಾಗಿ ವೈದ್ಯರು ನೋಡಬೇಕು, ಏಳು ಅಥವಾ ಹೆಚ್ಚಾದರೆ ತುರ್ತು ತಂಡ ಬರಬೇಕು. ‘ಜ್ವರ ಬಿಟ್ಟಿತಲ್ಲ’ ಎಂದು ಮನೆಗೆ ಹೊರಟವನ ಅಂಕ ಇದು.

ಕೊರತೆ ಎರಡು. ರೋಗಿಯಾಗಿ ನಟಿಸುವ ಗೆಳತಿಯ ನಾಡಿ ಎಂದೂ 118 ಆಗುವುದಿಲ್ಲ, ಕೈ ತಣ್ಣಗಾಗುವುದಿಲ್ಲ. ಅಂಕಿಗಳನ್ನು ಚೀಟಿಯಲ್ಲೇ ಕೊಡಬೇಕು. ಮೂವರಿಗೂ ಒಂದೇ ತಪ್ಪು ತಿಳಿವಳಿಕೆಯಿದ್ದರೆ ಅದನ್ನು ತಿದ್ದುವವರೂ ಇಲ್ಲ. ಕಾಲೇಜಿನ ಸ್ಕಿಲ್ ಲ್ಯಾಬ್‌ನಲ್ಲಿ ಸಿಮ್ಯುಲೇಟರ್ ಇದ್ದು, ಅದಕ್ಕೆ ಬೀಗ ಹಾಕಿಲ್ಲವಾದರೆ, ಮೊದಲ ಕೊರತೆ ಅಲ್ಲಿ ನೀಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕೊನೆಯ ವರ್ಷದ ಬಿಎಸ್ಸಿ ವಿದ್ಯಾರ್ಥಿ ಹಣ ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ವಾರ್ಡಿನ ಚೀಟಿ, ವಾರಕ್ಕೆರಡು ಸಂಜೆಯ ಮೂವರ ತಾಲೀಮು, ಸಂಶಯ ಬಂದದ್ದನ್ನು ಕೇಳಲು ಒಬ್ಬ ಟ್ಯೂಟರ್ ಸಾಕು.

ನಾರ್ಸೆಟ್ ಬರೆಯುವವರಿಗೆ ಪ್ರಿಲಿಮ್ಸ್‌ಗೆ ಉಚಿತ ಸಾಮಗ್ರಿಯ ಮೇಲೆ ಒಂದು ಅಗ್ಗದ ಭಾರತೀಯ ಟೆಸ್ಟ್ ಸೀರೀಸ್, ಮೇನ್ಸ್‌ಗೆ ಕೇಸ್ ಆಧಾರಿತ ಪ್ರಶ್ನೆಗಳಿರುವ ಬ್ಯಾಂಕ್. ರಾತ್ರಿ ಪಾಳಿಯವರು ದಿನಕ್ಕೆ ನೂರು ಪ್ರಶ್ನೆಯ ಹಟ ಬಿಡಿ. ಹದಿನೈದು ಪ್ರಶ್ನೆ ಮಾಡಿ, ಮೂವತ್ತು ನಿಮಿಷ ವಿವರಣೆ ಓದಿ.

ಎನ್‌ಕ್ಲೆಕ್ಸ್‌ಗೆ ಒಂದು ಒಳ್ಳೆಯ ಕ್ವೆಶ್ಚನ್ ಬ್ಯಾಂಕ್‌ಗೆ ಹಣ ಹಾಕುವುದು ತಪ್ಪಲ್ಲ. ನೋಂದಣಿಗೆ 200 ಡಾಲರ್, ಅಮೆರಿಕದ ಹೊರಗೆ ಬರೆದರೆ ಮೇಲೆ 150 ಡಾಲರ್ ಇರುವಾಗ ಅಭ್ಯಾಸದಲ್ಲಿ ಜಿಪುಣತನ ಮಾಡಿದರೆ ಎರಡನೇ ಸಲ ಕಟ್ಟಬೇಕಾದೀತು. ಕೋಚಿಂಗ್ ಬೇಕೋ ಬೇಡವೋ ಎಂಬುದು ನಿಮ್ಮ ಸ್ವಭಾವದ ಪ್ರಶ್ನೆ. ಬ್ರಿಟನ್ ಓಸ್ಕಿಗೆ ಮಾತ್ರ ತದ್ವಿರುದ್ಧ ಸಲಹೆ: ಪರದೆ ಮುಚ್ಚಿ, ಜನ ಕೂಡಿಸಿ, ಗಟ್ಟಿಯಾಗಿ ಮಾತನಾಡಿ ಅಭ್ಯಾಸ ಮಾಡಿ. ಪರೀಕ್ಷಾ ಕೇಂದ್ರಗಳು ಅಂಕ ಕೊಡುವ ಮಾನದಂಡವನ್ನು ಪ್ರಕಟಿಸುತ್ತವೆ, ಚೆಕ್‌ಲಿಸ್ಟ್‌ಗೆ ಹಣ ಕೊಡಬೇಡಿ.

ಇನ್ನು ಎನ್‌ಕ್ಲೆಕ್ಸ್‌ನಲ್ಲಿ ಒಮ್ಮೆ ಸೋತವರು. ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು. ಆ ಅವಧಿಗೆಂದು ಎರಡನೇ ಕ್ವೆಶ್ಚನ್ ಬ್ಯಾಂಕ್ ಕೊಳ್ಳಲು ಓಡುವವರೇ ಜಾಸ್ತಿ. ಮೊದಲು ನಿಮಗೆ ಬಂದಿರುವ ಫಲಿತಾಂಶದ ವರದಿ ತೆರೆಯಿರಿ. ಯಾವ ವಿಭಾಗದಲ್ಲಿ ತೇರ್ಗಡೆಯ ಮಟ್ಟಕ್ಕಿಂತ ಮೇಲೆ, ಹತ್ತಿರ, ಕೆಳಗೆ ಇದ್ದಿರಿ ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗಿದ್ದ ವಿಭಾಗದ ಹಳೆಯ ಪ್ರಶ್ನೆಗಳನ್ನೇ ಮತ್ತೆ ತೆರೆದು, ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಸುಳಿವಿನಿಂದ ಕ್ರಮದವರೆಗೆ ಬಾಯಿಬಿಟ್ಟು ಹೇಳಿ ನೋಡಿ. ಸುಳಿವಿನಲ್ಲೇ ಮಾತು ನಿಂತರೆ ವಾರ್ಡಿಗೆ ಹೋಗಿ. ಊಹೆಗಳ ಸರದಿಯಲ್ಲಿ ನಿಂತರೆ ಹೊಸ ಪ್ರಶ್ನೆ ಕೊಳ್ಳಿ.